ಜಪಾನಿ ಕತ್ತಿಯ ಸಹಿ: ನಾನು ನೋಡುವ ಕ್ರಮ

ಹೆಸರು ದೊಡ್ಡದಾದಷ್ಟೂ ನನ್ನ ಅನುಮಾನ ಜಾಸ್ತಿ. ಮಾಸಾಮುನೆ, ಕೊತೆತ್ಸು, ಕಿಯೊಮಾರೊ ಅಂತ ಹೆಸರಾಂತ ಕಮ್ಮಾರರ ಹೆಸರು ಕೆತ್ತಿದ ಕತ್ತಿ ಬಂದರೆ ಮೊದಲು ಖೋಟಾ ಎಂದೇ ಇಟ್ಟುಕೊಳ್ಳುತ್ತೇನೆ. ಇದು ಇವತ್ತಿನ ದಂಧೆಯಲ್ಲ, ಎದೊ ಕಾಲದಿಂದಲೂ (1603–1868) ನಡೆದದ್ದು. ಇನ್ನೂರು ವರ್ಷದ ಹಿಂದಿನ ಖೋಟಾ ಸಹಿಗೂ ಇನ್ನೂರು ವರ್ಷದ ತುಕ್ಕು ಹಿಡಿದಿರುತ್ತದೆ ಅನ್ನೋದನ್ನು ಮರೆಯಬಾರದು. ಅದಕ್ಕೇ ಅಲಗಿನ ಆಕಾರ, ಉಕ್ಕಿನ ಹೆಣಿಗೆ, ಬಾಯಿಯ ಹದದ ಗೆರೆ ನೋಡಿ ಕಾಲ ಅಂದಾಜು ಮಾಡಿಕೊಂಡ ಮೇಲೆಯೇ ಹಿಡಿ ಬಿಚ್ಚುತ್ತೇನೆ.

ಹಿಡಿಯಲ್ಲಿ ಬಿದಿರಿನ ಬೆಣೆ, ಅಂದರೆ ಮೆಕುಗಿ, ಇರುತ್ತದೆ. ಅದರ ಒಂದು ತುದಿ ಸಣ್ಣ. ಆ ಕಡೆಯಿಂದ ಹಿತ್ತಾಳೆ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಬೇಕು. ಆಮೇಲೆ ಅಲಗನ್ನು ಮೇಲ್ಮುಖ ಮಾಡಿ, ಹಿಡಿಯ ಬುಡವನ್ನು ಎಡಗೈಯಲ್ಲಿ ಹಿಡಿದು, ಬಲಗೈ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಗುದ್ದಿದರೆ ಅಲಗು ಸಡಿಲಾಗುತ್ತದೆ. ಯುದ್ಧಕಾಲದ ಕತ್ತಿಗಳಲ್ಲಿ ಎರಡನೇ ಬೆಣೆಯೋ ಸ್ಕ್ರೂನೋ ಇರಬಹುದು. ನೋಡದೆ ಗುದ್ದಿದರೆ ಹಿಡಿ ಸೀಳುತ್ತದೆ.

ಹಿಡಿಯೊಳಗಿನ ಭಾಗವೇ ನಕಾಗೊ. ಸಹಿ ಇರುವುದು ಅದರ ಮೇಲೆ. ನಮ್ಮಲ್ಲಿ ಹಳೇ ಲೋಹ ಕಂಡ ಕೂಡಲೇ ಹುಣಸೆಹಣ್ಣು ಹಿಡಿದು ಬರುವವರಿದ್ದಾರೆ. ಇಲ್ಲಿ ಅದು ಬೇಡವೇ ಬೇಡ. ಆ ಕಪ್ಪು ತುಕ್ಕೇ ಸಾಕ್ಷಿ. ಉಜ್ಜಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು. ಅಕ್ಷರ ಕಾಣದಿದ್ದರೆ ಚೂರು ಟಾಲ್ಕಂ ಪುಡಿ ಸವರಿ, ಓದಿಯಾದ ಮೇಲೆ ಮೆತ್ತನೆ ಕುಂಚದಿಂದ ತೆಗೆಯಿರಿ.

ಈಗ ಕತ್ತಲು ಕೋಣೆ, ಒಂದೇ ದೀಪ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಬೆಳಕು ಲೋಹಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ, ಪಕ್ಕದಿಂದ ಬೀಳಬೇಕು. ಉಳಿಯ ಏಟಿಗೆ ಗೆರೆಯ ಅಂಚಿನಲ್ಲಿ ಲೋಹ ಉಬ್ಬಿ ನಿಲ್ಲುತ್ತದೆ. ಹಳೇ ಕತ್ತಿಯಲ್ಲಿ ಆ ಉಬ್ಬು ಸವೆದು ಮೆದುವಾಗಿರುತ್ತದೆ. ಗೆರೆಯ ತಳದ ಬಣ್ಣವೂ ಸುತ್ತಲಿನ ಬಣ್ಣವೂ ಒಂದೇ ಆಗಿರಬೇಕು. ತಳ ಮಾತ್ರ ಕೆಂಪಾಗಿದ್ದರೆ ಅಥವಾ ತುಕ್ಕಿನ ಪದರವನ್ನೇ ಉಳಿ ಸೀಳಿಕೊಂಡು ಹೋಗಿದ್ದರೆ ಸಹಿ ಆಮೇಲೆ ಸೇರಿದ್ದು. ಅರ ಉಜ್ಜಿದ ಗೆರೆಗಳು ಮೊದಲು, ಸಹಿ ನಂತರ. ಅರದ ಗೆರೆ ಅಕ್ಷರದೊಳಕ್ಕೆ ಹಾದುಹೋಗಿದ್ದರೆ ಯಾರೋ ಕೈಯಾಡಿಸಿದ್ದಾರೆ. ಇನ್ನೊಂದು ಪರೀಕ್ಷೆಗೆ ವರ್ನಿಯರ್ ಸಾಕು: ಸಹಿಯ ಜಾಗದಲ್ಲಿ ದಪ್ಪ ಸ್ವಲ್ಪ ತಗ್ಗಿದ್ದರೆ, ಅಲ್ಲಿದ್ದ ಸಣ್ಣ ಹೆಸರನ್ನು ಅರದಿಂದ ಅಳಿಸಿ ದೊಡ್ಡದನ್ನು ಕೂರಿಸಿರುವ ಸಾಧ್ಯತೆ ಹೆಚ್ಚು.

ಸಹಿ ಯಾವ ಮಗ್ಗುಲಲ್ಲಿದೆ ಅನ್ನುವುದೂ ಮುಖ್ಯ. ತುದಿ ಮೇಲಕ್ಕೆ ಹಿಡಿದು ಸಹಿಯನ್ನು ನಮ್ಮ ಕಡೆ ತಿರುಗಿಸಿಕೊಂಡಾಗ ಬಾಯಿ ಎಡಕ್ಕೆ ಬಂದರೆ ಕತಾನಾ (ಬಾಯಿ ಮೇಲಾಗಿ ಸೊಂಟಕ್ಕೆ ಸಿಕ್ಕಿಸುವ ಕತ್ತಿ) ಪದ್ಧತಿ, ಬಲಕ್ಕೆ ಬಂದರೆ ತಾಚಿ (ಬಾಯಿ ಕೆಳಗಾಗಿ ತೂಗುಹಾಕುವ ಕತ್ತಿ) ಪದ್ಧತಿ. ಆದರೆ ಹಿಜೆನ್ ಪ್ರಾಂತ್ಯದ ತಾದಾಯೊಶಿ ಮನೆತನದವರು ಕತಾನಾಗೂ ತಾಚಿ ಮಗ್ಗುಲಲ್ಲೇ ಸಹಿ ಹಾಕಿದರು. ಅಲ್ಲಿ ತಿರುವುಮುರುವಾಗಿರುವುದೇ ಸರಿ.

ಕೊತೆತ್ಸುವಿನ ಸಹಿಯಲ್ಲಿ ಹೆಸರಿನ ಮೊದಲ ಅಕ್ಷರ, ಅಂದರೆ ಹುಲಿ ಎಂಬ ಅರ್ಥದ ಅಕ್ಷರವೊಂದನ್ನೇ ಹಿಡಿದು ಕೂರಬಹುದು. 1664ರ ಹೊತ್ತಿನವರೆಗೆ ಅದರ ಕೊನೆಯ ಎಳೆ ಬಾಲದಂತೆ ಮೇಲಕ್ಕೆ ಚಿಮ್ಮುತ್ತದೆ. ಆಮೇಲೆ ಅಕ್ಷರ ಪೆಟ್ಟಿಗೆಯಂತೆ ಚೌಕಾಕಾರಕ್ಕೆ ತಿರುಗುತ್ತದೆ. 1662ರ ತಾರೀಖಿನ ಜೊತೆ ಪೆಟ್ಟಿಗೆ ಹುಲಿ ಕಂಡರೆ ಕತೆ ಮುಗಿಯಿತು. ಹಾಗೆಯೇ ಮೊದಲನೇ ತಾದಾಯೊಶಿ 1624ರಲ್ಲಿ ಮುಸಾಶಿ ದಾಯ್ಜೊ ಬಿರುದು ಪಡೆದು ತಾದಾಹಿರೊ ಆದ. ಕಿಯೊಮಾರೊ ತನ್ನ ಈ ಹೆಸರು ಹಿಡಿದದ್ದು 1846ರಲ್ಲಿ. ಹೆಸರು, ಬಿರುದು, ತಾರೀಖು ಮೂರನ್ನೂ ಪಕ್ಕಪಕ್ಕ ಬರೆದಿಟ್ಟರೆ ಅರ್ಧ ಖೋಟಾಗಳು ತಾವಾಗಿ ಸಿಕ್ಕಿಬೀಳುತ್ತವೆ.

ಬರ್ಮಾ ಯುದ್ಧರಂಗದಿಂದ ನಮ್ಮ ಸೈನಿಕರ ಜೊತೆ ಬಂದ ಕತ್ತಿಗಳಲ್ಲಿ ಬಹುಪಾಲು ಶೋವಾ ಕಾಲದವು (1926ರಲ್ಲಿ ಶುರುವಾದ ಜಪಾನಿ ಚಕ್ರವರ್ತಿಯ ಆಳ್ವಿಕೆಯ ಕಾಲ). ಶೋವಾ ವರ್ಷಕ್ಕೆ 1925 ಕೂಡಿಸಿ: ಶೋವಾ 17 ಅಂದರೆ 1942. ಸಹಿಯ ಹತ್ತಿರ ಶೋವಾ ಅಥವಾ ಸೆಕಿ (ಕತ್ತಿ ತಯಾರಿಕೆಗೆ ಹೆಸರಾದ ಊರು) ಎಂಬ ಪುಟ್ಟ ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ ಸಾಂಪ್ರದಾಯಿಕವಲ್ಲದ ಅಲಗು. ಅಲ್ಲಿ ಸಹಿಯನ್ನು ಕಮ್ಮಾರನೇ ಕೆತ್ತಿದ ಅನ್ನುವ ಖಾತ್ರಿಯೂ ಇಲ್ಲ. ಸಹಿ ಕೆತ್ತುವುದನ್ನೇ ಕಸುಬು ಮಾಡಿಕೊಂಡವರು ಬೇರೆ ಇದ್ದರು. ನಕ್ಷತ್ರದ ಮುದ್ರೆ ಇದ್ದರೆ ಮಾತ್ರ ಕುರ್ಚಿ ಎಳೆದುಕೊಂಡು ಕೂರಿ. ಅದು ಸೈನ್ಯಕ್ಕೆ ಸಾಂಪ್ರದಾಯಿಕವಾಗಿ ಬಡಿದುಕೊಟ್ಟ ಅಲಗಿನ ಗುರುತು.

ಕತ್ತಿಯ ಜೊತೆ ಟೋಕಿಯೋದ ಎನ್‌ಬಿಟಿಎಚ್‌ಕೆ ಎಂಬ ಜಪಾನಿ ಕತ್ತಿ ಸಂರಕ್ಷಣಾ ಸಂಸ್ಥೆಯ ಪ್ರಮಾಣಪತ್ರ ಬಂದರೂ ನಾನು ಟೇಪು ಹಿಡಿಯುತ್ತೇನೆ, ಏಕೆಂದರೆ ಅಸಲಿ ಕಾಗದ ಬೇರೆ ಕತ್ತಿಯ ಜೊತೆ ಓಡಾಡುವುದುಂಟು. ನಕಾಗೊ ಮುಗಿದು ಅಲಗು ಶುರುವಾಗುವಲ್ಲಿರುವ ಬೆನ್ನಿನ ಕಚ್ಚಿನಿಂದ ತುದಿಯವರೆಗೆ ನೇರವಾಗಿ ಅಳೆಯಿರಿ, ಬಾಗಿನ ಮೇಲೆ ಅಲ್ಲ. ಪತ್ರದ ಚಿತ್ರದಲ್ಲಿ ಬೆಣೆಯ ತೂತುಗಳು ಎಷ್ಟಿವೆ, ಯಾವ ಅಕ್ಷರಕ್ಕೆ ತಾಗಿಕೊಂಡಿವೆ ನೋಡಿ, ಒಂದೊಂದಾಗಿ ತಾಳೆ ಹಾಕಿ.