ಕಾರಿನ ಕೀ ತಿರುಗುತ್ತಿಲ್ಲವೇ? ಮೊದಲು ಸ್ಟೀರಿಂಗ್ ಹಿಡಿಯಿರಿ

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದೀರಿ. ಕೀ ಒಳಗೆ ಹೋಗಿದೆ. ಆದರೆ ತಿರುಗಿಸಿದರೆ ತಿರುಗುತ್ತಿಲ್ಲ. ಇನ್ನೊಂದು ಸಲ, ಇನ್ನೂ ಸ್ವಲ್ಪ ಜೋರಾಗಿ. ಊಹೂಂ. ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ. ತಡವಾಗುತ್ತಿದೆ. ಕೈಗೆ ತಾನಾಗಿಯೇ ಬಲ ಬರುತ್ತದೆ.

ಅಲ್ಲೇ ನಿಲ್ಲಿಸಿ. ಕೀ ಮುರಿಯುವುದು ಇಂಥ ಹೊತ್ತಿನಲ್ಲೇ. ತಿರುಗದ ಕೀ ಎಷ್ಟೋ ಸಲ ಐದು ನಿಮಿಷದಲ್ಲಿ ಸರಿಹೋಗುವ ತೊಂದರೆ. ಅರ್ಧ ಒಳಗೆ, ಅರ್ಧ ಕೈಯಲ್ಲಿ ಉಳಿದ ಕೀ ಹಾಗಲ್ಲ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳೋಣ. ಕೀ ತಿರುಗುತ್ತದೆ, ಡ್ಯಾಶ್‌ಬೋರ್ಡ್ ದೀಪ ಹತ್ತುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ ಅಂದರೆ ಅದು ಬ್ಯಾಟರಿ, ಸ್ಟಾರ್ಟರ್ ಅಥವಾ ಕೀಯೊಳಗಿನ ಚಿಪ್‌ನ (ಇದು ಈ ಕಾರಿನದೇ ಕೀ ಎಂದು ಕಾರಿಗೆ ತಿಳಿಸುವ ಪುಟ್ಟ ಎಲೆಕ್ಟ್ರಾನಿಕ್ ತುಣುಕು) ವಿಚಾರ. ಇಲ್ಲಿ ಮಾತಾಡುತ್ತಿರುವುದು ಕೀ ಜಾಗ ಬಿಟ್ಟು ಕದಲದೇ ಇರುವ ಬಗ್ಗೆ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಸಾಮಾನ್ಯ ಲೋಹದ ಕೀ ಆನ್ ಕಡೆಗೆ ತಿರುಗಲೇಬೇಕು. ಹಾಗಾಗಿ ಇಲ್ಲಿ ಬ್ಯಾಟರಿಯನ್ನು ಅನುಮಾನಿಸಿ ಸಮಯ ಕಳೆಯಬೇಡಿ.

ಮೊದಲ ಅನುಮಾನ: ಸ್ಟೀರಿಂಗ್ ಲಾಕ್

ಒಂದು ಸಂಜೆ ಅಕ್ಕನ ಫೋನ್ ಬಂತು. ಪಾರ್ಕಿಂಗ್‌ನಲ್ಲಿ ಒಬ್ಬಳೇ ಇದ್ದಳು.

“ಕೀ ತಿರುಗ್ತಾನೇ ಇಲ್ಲ ಕಣೋ. ಇನ್ನು ಸ್ವಲ್ಪ ತಿರುಗಿಸಿದ್ರೆ ಮುರಿದೇ ಹೋಗುತ್ತೆ.”

“ಕೀ ಬಿಡಕ್ಕ. ಸ್ಟೀರಿಂಗ್ ಹಿಡ್ಕೊ. ಎಡಕ್ಕೆ ಎಳಿ.”

“ಕಲ್ಲು ಇದ್ದಹಾಗಿದೆ.”

“ಬಲಕ್ಕೆ?”

“ಸ್ವಲ್ಪ ಅಲ್ಲಾಡುತ್ತೆ.”

“ಬಲಕ್ಕೇ ಎಳೆದು ಹಿಡ್ಕೊ. ಬಿಡಬೇಡ. ಈಗ ಇನ್ನೊಂದು ಕೈಯಲ್ಲಿ ಮೆಲ್ಲಗೆ ಕೀ ತಿರುಗಿಸು.”

‘ಟಕ್’ ಅಂದಿದ್ದು ಫೋನಿನಲ್ಲೇ ಕೇಳಿಸಿತು. ಅವಳ ಉಸಿರು ಕೂಡ.

ಒಳಗೆ ಆಗಿದ್ದು ಇಷ್ಟು. ಕೀ ತೆಗೆದ ಮೇಲೆ ಸ್ಟೀರಿಂಗ್ ಚೂರು ತಿರುಗಿದರೆ ಸ್ಪ್ರಿಂಗ್ ಇರುವ ಒಂದು ಲೋಹದ ಗೂಟ ಮುಂದೆ ಬಂದು, ಸ್ಟೀರಿಂಗ್ ಕಂಬದಲ್ಲಿರುವ ಸೀಳಿನೊಳಗೆ ಕೂರುತ್ತದೆ. ಆಮೇಲೆ ಸ್ಟೀರಿಂಗ್ ತಿರುಗುವುದಿಲ್ಲ. ನಾವು ಕೀ ತಿರುಗಿಸಿದಾಗ ಅದೇ ತಿರುವು ಆ ಗೂಟವನ್ನು ಹಿಂದಕ್ಕೆ ಎಳೆಯುತ್ತದೆ. ಮುಂದಿನ ಚಕ್ರ ಅಂಚುಗಲ್ಲಿಗೆ ಒತ್ತಿಕೊಂಡು ನಿಂತಿದ್ದರೆ, ಚಕ್ರ ಪೂರ್ತಿ ತಿರುಗಿಸಿದ ಹಾಗೇ ಕಾರು ಆಫ್ ಮಾಡಿದ್ದರೆ, ಅಥವಾ ಇಳಿಯುವಾಗ ಸ್ಟೀರಿಂಗ್ ಹಿಡಿದು ಎದ್ದಿದ್ದರೆ, ಟೈರಿನ ಒತ್ತಡವೆಲ್ಲ ಆ ಗೂಟದ ಪಕ್ಕೆಗೆ ಬೀಳುತ್ತದೆ. ಗೂಟ ಬಿಗಿದುಕೊಂಡರೆ ಕೀ ತಿರುಗಲು ದಾರಿಯೇ ಇಲ್ಲ.

ಉಬ್ಬಿದ ಬಾಗಿಲಿನ ಚಿಲಕ ನೆನಪಿಸಿಕೊಳ್ಳಿ. ಚಿಲಕವನ್ನು ಎಷ್ಟು ಎಳೆದರೂ ಬರುವುದಿಲ್ಲ. ಬಾಗಿಲನ್ನು ಮೊಣಕೈಯಿಂದ ಸ್ವಲ್ಪ ನೂಕಿ ಎಳೆದರೆ ಸುಮ್ನೆ ಸರಿಯುತ್ತದೆ. ಇಲ್ಲಿಯೂ ಅಷ್ಟೇ. ಭಾರ ಇಳಿಸಬೇಕು, ಆಮೇಲೆ ತಿರುಗಿಸಬೇಕು.

ಕಾಲು ಬ್ರೇಕ್ ಮೇಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿರಿ. ಸ್ಟೀರಿಂಗ್ ಅನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದು ನೋಡಿ. ಒಂದು ಕಡೆ ಒಂದಿಷ್ಟೂ ಕದಲುವುದಿಲ್ಲ. ಇನ್ನೊಂದು ಕಡೆ ಸ್ಪ್ರಿಂಗ್ ಒತ್ತಿದಂತೆ ಚೂರು ಮಣಿಯುತ್ತದೆ. ಆ ಮಣಿಯುವ ಕಡೆಗೇ ಗಟ್ಟಿಯಾಗಿ ಎಳೆದು ಹಿಡಿದು, ಅದೇ ಕ್ಷಣದಲ್ಲಿ ಕೀ ತಿರುಗಿಸಿ. ಬಲವೆಲ್ಲ ಸ್ಟೀರಿಂಗ್ ಹಿಡಿದ ಕೈಯಲ್ಲಿರಲಿ. ಕೀ ಹಿಡಿದ ಬೆರಳುಗಳು ಹಗುರವಾಗಿರಲಿ. ಎಷ್ಟೋ ಜನ ಮಾಡುವ ತಪ್ಪು ಇದರ ಉಲ್ಟಾ. ಚಕ್ರ ತುಂಬಾ ಒತ್ತಿಕೊಂಡಿದ್ದು ಒಂದು ಕೈ ಸಾಲದಿದ್ದರೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳಿ. ಪಕ್ಕದಲ್ಲಿರುವವರು ಕೀ ತಿರುಗಿಸಲಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು ಇದ್ದವರೂ ಇದನ್ನು ತಿಳಿದಿರಬೇಕು. ಅಂಥ ಹಲವು ಕಾರುಗಳಲ್ಲೂ ಸ್ಟೀರಿಂಗ್ ಲಾಕ್ ಇದೆ. ಗೂಟವನ್ನು ಎಳೆಯುವುದು ಮೋಟಾರು, ಅಷ್ಟೇ ವ್ಯತ್ಯಾಸ. ಅದಕ್ಕೂ ಭಾರ ಬಿದ್ದರೆ ಎಳೆಯಲಾಗುವುದಿಲ್ಲ. ಸ್ಟೀರಿಂಗ್ ಅಲ್ಲಾಡಿಸುತ್ತಾ ಬಟನ್ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಈ ಲಾಕ್ ಇರುವುದು ಕಳ್ಳರನ್ನು ತಡೆಯಲು. ಅಮೆರಿಕದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದ ಸುರಕ್ಷತಾ ನಿಯಮವೇ ಇದನ್ನು ಹೇಳಿತು. ಕೀ ತೆಗೆದ ಮೇಲೆ ಎಂಜಿನ್ ಮಾಮೂಲಿಯಾಗಿ ಚಾಲೂ ಆಗಬಾರದು, ಜೊತೆಗೆ ಸ್ಟೀರಿಂಗ್ ತಿರುಗುವುದನ್ನೋ ಕಾರು ತಾನಾಗಿ ಮುಂದೆ ಹೋಗುವುದನ್ನೋ ತಡೆಯುವ ವ್ಯವಸ್ಥೆ ಇರಬೇಕು ಎಂದು. ಅಂದರೆ ಹೀಗೆ ಬಿಗಿದುಕೊಂಡಾಗ ನಿಮ್ಮ ಕಾರಿಗೆ ಏನೂ ಕೆಟ್ಟಿಲ್ಲ. ಅದು ತನ್ನ ಕೆಲಸ ಮಾಡುತ್ತಿದೆ.

ಗೇರ್ ನೋಡಿ

ಆಟೊಮ್ಯಾಟಿಕ್ ಕಾರಾದರೆ ಗೇರ್ ಲಿವರ್ ನಿಜವಾಗಿ ‘ಪಾರ್ಕ್’ನಲ್ಲಿದೆಯೇ ನೋಡಿ. ಕಣ್ಣಿಗೆ ಹಾಗೆ ಕಂಡರೂ ಲಿವರ್ ಕೂದಲೆಳೆಯಷ್ಟು ಹಿಂದೆ ನಿಂತಿರಬಹುದು. ಬ್ರೇಕ್ ಒತ್ತಿ ಹಿಡಿದು, ಲಿವರ್ ಅನ್ನು ಇನ್ನೊಮ್ಮೆ ಪಾರ್ಕ್ ಕಡೆಗೆ ಗಟ್ಟಿಯಾಗಿ ತಳ್ಳಿ. ಕಾರು ನಿಲ್ಲಿಸಿದ ಮೇಲೆ ಕೀ ಪೂರ್ತಿ ಹಿಂದಕ್ಕೆ ತಿರುಗದೆ, ಹೊರಗೂ ಬಾರದೆ ಸಿಕ್ಕಿಕೊಂಡರೆ ಹೆಚ್ಚಾಗಿ ಕಾರಣ ಇದೇ. ಕೆಲವು ಕಾರುಗಳಲ್ಲಿ ಕೊನೆಯ ಹಂತಕ್ಕೆ ತಿರುಗಿಸುವಾಗ ಕೀಯನ್ನು ಸ್ವಲ್ಪ ಒಳಗೆ ಒತ್ತಬೇಕು. ಇನ್ನು ಕೆಲವದರಲ್ಲಿ ಪಕ್ಕದ ಪುಟ್ಟ ಬಟನ್ ಒತ್ತಬೇಕು. ಹೊಸ ಕಾರು ಅಥವಾ ಬೇರೆಯವರ ಕಾರು ಓಡಿಸುವಾಗ ಇದು ಗೊತ್ತಿಲ್ಲದೆ ಒದ್ದಾಡುವವರು ಜಾಸ್ತಿ.

ಈಗ ಕೀ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ

ಸ್ಟೀರಿಂಗ್ ಸಡಿಲವಾಗಿದೆ, ಗೇರ್ ಸರಿ ಇದೆ, ಆದರೂ ತಿರುಗುತ್ತಿಲ್ಲವೇ? ಹಾಗಿದ್ದರೆ ಕೀ ಅಥವಾ ಕೀ ಹೋಗುವ ಸಿಲಿಂಡರ್, ಎರಡರಲ್ಲೊಂದು. ಯಾವುದೆಂದು ಹೇಳುವುದು ಸ್ಪೇರ್ ಕೀ. ಮನೆಯಲ್ಲಿ ಅಲ್ಮೇರಾದಲ್ಲಿ ಇಟ್ಟು ಮರೆತಿರುವ, ಹೆಚ್ಚು ಬಳಸದ ಆ ಕೀ ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ತಪ್ಪು ಹಳೆಯ ಕೀಯದ್ದು. ಅದೂ ತಿರುಗದಿದ್ದರೆ ಸಿಲಿಂಡರ್ ಕಡೆ ನೋಡಬೇಕು.

ಸ್ಪೇರ್ ಕೀ ಕೈಗೆ ಸಿಗದಿದ್ದರೆ ಇದೇ ಕೀಯನ್ನು ಡ್ರೈವರ್ ಬಾಗಿಲಿಗೆ ಹಾಕಿ ನೋಡಿ. ರಿಮೋಟ್ ಬಂದ ಮೇಲೆ ಬಾಗಿಲಿನ ಬೀಗ ಅಷ್ಟಾಗಿ ಬಳಸದೆ ಹೊಸದರಂತೆ ಇರುತ್ತದೆ. ಅಲ್ಲೂ ತಡವರಿಸಿದರೆ ಕೀ ಸವೆದಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಎರಡು ಕೀಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಕಣ್ಣೇ ಹೇಳುತ್ತದೆ. ಸ್ಪೇರ್ ಕೀಯ ಹಲ್ಲುಗಳ ಮೂಲೆಗಳು ಚೂಪಾಗಿರುತ್ತವೆ, ಉಗುರು ಎಳೆದರೆ ತಡೆಯುತ್ತದೆ. ದಿನವೂ ಬಳಸಿದ ಕೀಯಲ್ಲಿ ಅದೇ ಹಲ್ಲುಗಳು ಬಳಸಿದ ಸಾಬೂನಿನ ಅಂಚಿನ ಹಾಗೆ ದುಂಡಗಾಗಿರುತ್ತವೆ. ಅಂಚಿನಲ್ಲಿ ಹಲ್ಲಿಲ್ಲದೆ ನಡುವೆ ಹಾವಿನಂತೆ ಓಡುವ ತೋಡು ಇರುವ ಕೀಯಾದರೆ, ಆ ತೋಡಿನ ಅಂಚು ನೋಡಿ. ಆಮೇಲೆ ಕೀಯನ್ನು ಕಣ್ಣಿನ ಮಟ್ಟಕ್ಕೆ ತಂದು ಉದ್ದಕ್ಕೆ ನೋಡಿ. ಬಾಗಿದ್ದರೆ ಕಾಣುತ್ತದೆ.

ಅಷ್ಟು ಚಿಕ್ಕ ಸವೆತಕ್ಕೆ ಯಾಕಿಷ್ಟು ರಗಳೆ? ಸಿಲಿಂಡರಿನೊಳಗೆ ತೆಳ್ಳನೆಯ ಲೋಹದ ಬಿಲ್ಲೆಗಳು ಸಾಲಾಗಿ ಇರುತ್ತವೆ. ಒಂದೊಂದರ ಹಿಂದೆಯೂ ಪುಟ್ಟ ಸ್ಪ್ರಿಂಗ್. ಕೀ ಇಲ್ಲದಾಗ ಬಿಲ್ಲೆಗಳು ಹೊರಗೆ ಚಾಚಿಕೊಂಡು ಸಿಲಿಂಡರ್ ತಿರುಗದಂತೆ ತಡೆಯುತ್ತವೆ. ಸರಿಯಾದ ಕೀ ಒಳಗೆ ಹೋದಾಗ ಅದರ ಒಂದೊಂದು ಹಲ್ಲೂ ಒಂದೊಂದು ಬಿಲ್ಲೆಯನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸುತ್ತದೆ. ಎಲ್ಲ ಬಿಲ್ಲೆಗಳೂ ಒಳಗೆ ಸೇರಿದರೆ ಮಾತ್ರ ತಿರುವು. ಹಲ್ಲು ಸವೆದು ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ಹೊರಗೆ ಉಳಿದರೂ ಸಾಕು, ಕೀ ಕದಲುವುದಿಲ್ಲ.

ಸವೆದ ಕೀಯಲ್ಲಿ ಮನೆ ಸೇರಲು ಒಂದು ಉಪಾಯ ಇದೆ. ಕೀ ಪೂರ್ತಿ ಒಳಗೆ ಹಾಕಿ, ಸುಮಾರು 1 ಮಿಲಿಮೀಟರ್ ಹಿಂದಕ್ಕೆ ಎಳೆಯಿರಿ. ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸುತ್ತಾ ತಿರುಗಿಸಿ. ಯಾವುದೋ ಒಂದು ಜಾಗದಲ್ಲಿ ಬಿಲ್ಲೆಗಳು ಸಾಲಿಗೆ ಬಂದು ತಿರುಗಿಬಿಡುತ್ತದೆ. ಇದು ಆ ದಿನದ ಮಟ್ಟಿಗೆ ಮಾತ್ರ. ಇದನ್ನೇ ಅಭ್ಯಾಸ ಮಾಡಿಕೊಂಡರೆ ಬಿಲ್ಲೆಗಳೂ ಸವೆಯುತ್ತವೆ, ಆಗ ಹೊಸ ಕೀ ಮಾಡಿಸಿದರೂ ಪ್ರಯೋಜನ ಇರುವುದಿಲ್ಲ.

ಹೊಸ ಕೀ ಮಾಡಿಸುವಾಗ ದಯವಿಟ್ಟು ಸವೆದ ಕೀ ಕೊಟ್ಟು “ಇದರ ಡೂಪ್ಲಿಕೇಟ್ ಮಾಡಿ” ಅನ್ನಬೇಡಿ. ಯಂತ್ರ ಸವೆತವನ್ನೂ ಹಾಗೇ ನಕಲು ಮಾಡುತ್ತದೆ. ಸ್ಪೇರ್ ಕೀ ಕೊಡಿ. ಇಲ್ಲವೇ ಕಾರು ಕೊಂಡಾಗ ಕೀಗಳ ಜೊತೆ ಬಂದಿದ್ದ ಪುಟ್ಟ ಟ್ಯಾಗ್ ಮೇಲಿನ ಕೋಡ್ ನಂಬರ್ ಕೊಡಿ. ಆ ನಂಬರಿನಿಂದ ಕಾರ್ಖಾನೆಯ ಅಳತೆಗೇ ಹೊಸ ಕೀ ಕತ್ತರಿಸಬಹುದು. ಆ ಟ್ಯಾಗನ್ನು ಇವತ್ತೇ ಹುಡುಕಿ ಜೋಪಾನವಾಗಿಡಿ. ಆದರೆ ಕಾರಿನೊಳಗೆ ಮಾತ್ರ ಬೇಡ.

ಬಾಗಿದ ಕೀಯನ್ನು ಮರದ ಹಲಗೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಬಾಗಿ ನೆಟ್ಟಗಾದ ಲೋಹ ಅದೇ ಜಾಗದಲ್ಲಿ ಸೋತಿರುತ್ತದೆ. ಅದು ಇಗ್ನಿಷನ್ (ಕೀ ಹಾಕಿ ತಿರುಗಿಸುವ ಜಾಗ) ಒಳಗೇ ಮುರಿದರೆ ಕಷ್ಟ. ಹೊಸ ಕೀ ಮಾಡಿಸಿ.

ಸಿಲಿಂಡರಿನ ಸರದಿ

ಜೇಬಿನ ನೂಲು, ಧೂಳು, ಕೀಗೆ ಅಂಟಿದ ಜಿಡ್ಡು, ಎಲ್ಲವೂ ಕೀ ಜೊತೆಗೇ ಒಳಗೆ ಹೋಗುತ್ತವೆ. ಕೀಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಹತ್ತು ಹದಿನೈದು ಸಲ ಒಳಗೆ ಹಾಕಿ ತೆಗೆಯಿರಿ, ತಿರುಗಿಸಬೇಡಿ. ಪ್ರತಿ ಸಲವೂ ಕೀಗೆ ಅಂಟಿ ಬಂದದ್ದನ್ನು ಒರೆಸಿ. ಕಪ್ಪು ಮಸಿ ಬರುತ್ತಿದ್ದರೆ ನಿಮ್ಮ ದಾರಿ ಸರಿಯಿದೆ. ಸಿಕ್ಕಿಕೊಂಡ ಬಿಲ್ಲೆ ಸಡಿಲಾಗಲು, ಕೀ ಒಳಗಿದ್ದಾಗ ಅದರ ತಲೆಯನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಾಗಿಲು ತಟ್ಟುವಷ್ಟು ಮೆಲ್ಲಗೆ ತಟ್ಟಬಹುದು. ಕೀ ತಲೆಯಲ್ಲಿ ಚಿಪ್ ಇದ್ದರೆ ಅದನ್ನೂ ಮಾಡಬೇಡಿ.

ಎಣ್ಣೆ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಅಡುಗೆಮನೆಯ ಎಣ್ಣೆ, ಗ್ರೀಸ್ ಖಂಡಿತ ಬೇಡ. ಎರಡು ದಿನ ನಯವಾಗಿ, ಮೂರನೇ ವಾರಕ್ಕೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಡಬ್ಲ್ಯುಡಿ-40 ಹಲವರ ಮನೆಯಲ್ಲಿರುವ ಸ್ಪ್ರೇ ಡಬ್ಬಿ. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವ 40ನೇ ಪ್ರಯತ್ನ ಎಂದು. ಒದ್ದೆಯಾದ ಬೀಗಕ್ಕೆ ಅದು ತಕ್ಷಣ ಸಹಾಯ ಮಾಡುತ್ತದೆ. ಆದರೆ ಒಳಗೆ ಉಳಿಯುವ ತೆಳು ಎಣ್ಣೆ ಧೂಳು ಹಿಡಿಯುವುದರಿಂದ ಖಾಯಂ ಮದ್ದಾಗಿ ನಾನು ಹೇಳುವುದಿಲ್ಲ. ಬೀಗಕ್ಕೆ ಬೇಕಾದ್ದು ಒಣ ನಯ. ಗ್ರಾಫೈಟ್ ಪುಡಿ ಹಳೆಯ ಕಾಲದಿಂದ ಬಂದ ಒಳ್ಳೆಯ ವಸ್ತು, ಆದರೆ ಅದು ವಿದ್ಯುತ್ ಹರಿಯಲು ಬಿಡುತ್ತದೆ, ಮತ್ತು ಸಿಲಿಂಡರಿನ ಹಿಂದೆಯೇ ಕಾರಿನ ವಿದ್ಯುತ್ ಆನ್-ಆಫ್ ಮಾಡುವ ಇಗ್ನಿಷನ್ ಸ್ವಿಚ್ ಇದೆ. ಹಾಗಾಗಿ ನನ್ನ ಆಯ್ಕೆ ಟೆಫ್ಲಾನ್ ಇರುವ ಒಣ ಸ್ಪ್ರೇ. ಒಂದು ಚಿಕ್ಕ ಪಿಚಕಾರಿ ಸಾಕು. ಹಾಕಿ, ಕೀ ಒಳಗೆ ಹೊರಗೆ ಆಡಿಸಿ, ಒರೆಸಿ.

ಹಿಮ ಬೀಳುವ ಚಳಿಯಲ್ಲಿ ಬೀಗದೊಳಗಿನ ತೇವ ಗಡ್ಡೆಕಟ್ಟುವುದೂ ಉಂಟು. ಕೀಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿ. ಚಿಪ್ ಇರುವ ಕೀಗೆ ಲೈಟರ್ ಹಿಡಿಯಬೇಡಿ. ಬಿಸಿ ನೀರು ಸುರಿಯಬೇಡಿ.

ಕೀ ಮುರಿದೇ ಹೋದರೆ

ಉಳಿದ ತುಂಡಿನಿಂದ ಒಳಗಿನ ತುಂಡನ್ನು ತಳ್ಳಬೇಡಿ. ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯುವ ಸಾಹಸವಂತೂ ಬೇಡವೇ ಬೇಡ, ಅಂಟು ಬಿಲ್ಲೆಗಳಿಗೆ ಇಳಿದರೆ ಸಿಲಿಂಡರ್ ಹೋದಂತೆ. ತುಂಡಿನ ತುದಿ ಹೊರಗೆ ಕಾಣುತ್ತಿದ್ದರೆ ಚೂಪು ಮೂತಿಯ ಇಕ್ಕಳದಿಂದ ನೇರವಾಗಿ ಎಳೆಯಿರಿ. ಕಾಣದಿದ್ದರೆ ಕೀ ಮಾಡುವವರನ್ನು ಕರೆಯಿರಿ. ತುಂಡು ಎಳೆಯಲು ಅವರ ಹತ್ತಿರ ಕೊಕ್ಕೆಯಂಥ ತೆಳು ಸಲಕರಣೆ ಇರುತ್ತದೆ. ಎರಡೂ ತುಂಡುಗಳನ್ನು ಎಸೆಯಬೇಡಿ. ಚಿಪ್ ಇರುವುದು ತಲೆಯಲ್ಲಿ, ಹೊಸ ಕೀಗೆ ಅದೇ ಬೇಕಾಗಬಹುದು.

ಕೀ ಗೊಂಚಲಿನ ಭಾರ

ಮನೆ ಕೀ, ಅಂಗಡಿ ಕೀ, ಗೇಟಿನ ಕೀ, ಜೊತೆಗೊಂದು ದಪ್ಪ ಬೊಂಬೆ. ಇವೆಲ್ಲ ಇಗ್ನಿಷನ್‌ಗೆ ನೇತುಬಿದ್ದು, ಕಾರು ಕುಲುಕಿದಾಗಲೆಲ್ಲ ಸಿಲಿಂಡರನ್ನು ಜಗ್ಗುತ್ತವೆ. ಇದು ಬರೀ ಸವೆತದ ಮಾತಲ್ಲ. 2014ರಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಅವುಗಳ ಇಗ್ನಿಷನ್ ಸ್ವಿಚ್ ಬಿಗಿ ಸಾಲದೆ, ಓಡುವಾಗಲೇ ಕೀ ಹಿಂದಕ್ಕೆ ಜಾರಿ, ಎಂಜಿನ್ ನಿಂತು, ಏರ್‌ಬ್ಯಾಗ್ ಕೂಡ ಕೆಲಸ ಮಾಡದೆ ಹೋಗುತ್ತಿತ್ತು. ಸಂತ್ರಸ್ತರಿಗಾಗಿ ಕಂಪನಿ ತೆರೆದ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ರಿಪೇರಿ ಆಗುವವರೆಗೆ ಗೊಂಚಲಿನಿಂದ ಬೇರೆಲ್ಲ ತೆಗೆದು ಕಾರಿನ ಕೀ ಒಂದನ್ನೇ ಬಳಸಿ ಎಂದು ಕಂಪನಿಯೇ ಮಾಲೀಕರಿಗೆ ಹೇಳಿತ್ತು. ದೋಷ ಸ್ವಿಚ್ಚಿನದ್ದೇ, ಗೊಂಚಲಿನದ್ದಲ್ಲ. ಆದರೂ ಆ ಭಾರ ಎಷ್ಟು ಕೆಲಸ ಮಾಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಕಾರಿನ ಕೀ ಒಂದೇ ಇರಲಿ.

ಅಂದ ಹಾಗೆ, ಕಾರು ಉರುಳುತ್ತಿರುವಾಗ ಕೀಯನ್ನು ಲಾಕ್ ಕಡೆಗೆ ತಿರುಗಿಸುವುದು, ಹೊರಗೆ ಎಳೆಯುವುದು ಯಾವತ್ತೂ ಬೇಡ. ಆಗ ಸ್ಟೀರಿಂಗ್ ಲಾಕ್ ಆದರೆ ಕಾರು ನಿಮ್ಮ ಕೈಯಲ್ಲಿರುವುದಿಲ್ಲ.

ಮೆಕ್ಯಾನಿಕ್‌ಗೆ ಏನು ಹೇಳಬೇಕು

ಇಷ್ಟೆಲ್ಲ ಮಾಡಿಯೂ ತಿರುಗದಿದ್ದರೆ ಕರೆ ಮಾಡಿ. “ಕಾರು ಸ್ಟಾರ್ಟ್ ಆಗ್ತಿಲ್ಲ” ಎಂದಷ್ಟೇ ಹೇಳಿದರೆ ಅವರು ಬ್ಯಾಟರಿ ಹೊತ್ತು ತರುತ್ತಾರೆ. ಸ್ಟೀರಿಂಗ್ ಅಲ್ಲಾಡಿಸಿ ನೋಡಿದ್ದು, ಸ್ಪೇರ್ ಕೀಯೂ ತಿರುಗದ್ದು, ಬಾಗಿಲಿಗೆ ಕೀ ಹಿಡಿಸುತ್ತದೆಯೇ, ಕೆಲವು ವಾರಗಳಿಂದ ಬಿಗಿಯಾಗುತ್ತಾ ಬಂತೇ ಅಥವಾ ದಿಢೀರನೆ ನಿಂತಿತೇ, ಇಷ್ಟನ್ನು ಹೇಳಿ. ಕಾರಿನ ದಾಖಲೆ ಕೈಯಲ್ಲಿರಲಿ. ಒಳ್ಳೆಯ ಕೀ ಕೆಲಸದವರು ಅದನ್ನು ಕೇಳಿಯೇ ಕೈ ಹಾಕುತ್ತಾರೆ.

ನಿಮ್ಮ ಕೀ ಇನ್ನೂ ತಿರುಗುತ್ತಿದೆ, ಆದರೆ ಆಗಾಗ ತಡವರಿಸುತ್ತಿದೆ ಅಂದರೆ ಇದೇ ವಾರ ತೋರಿಸಿ. ಬಹಳಷ್ಟು ಕಾರುಗಳಲ್ಲಿ ಸಿಲಿಂಡರ್ ಬಿಚ್ಚಬೇಕಾದರೆ ಕೀಯನ್ನು ಒಂದು ಹಂತ ತಿರುಗಿಸಿ, ಆಗ ಸಿಗುವ ಒಂದು ಪುಟ್ಟ ಪಿನ್ನು ಒತ್ತಬೇಕು. ಕೀ ತಿರುಗುತ್ತಿರುವಾಗ ಅದು ಸಣ್ಣ ಕೆಲಸ. ಪೂರ್ತಿ ನಿಂತ ಮೇಲೆ ಸಿಲಿಂಡರನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಗಬಹುದು. ಹೊಸ ಸಿಲಿಂಡರ್ ಹಾಕಿಸುವಾಗ, ಅದರ ಬಿಲ್ಲೆಗಳನ್ನು ನಿಮ್ಮ ಹಳೆಯ ಕೀ ಕೋಡ್‌ಗೇ ಜೋಡಿಸಿಕೊಡಲು ಕೇಳಿ. ಆಗ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಅಂತ ಎರಡು ಕೀ ಹೊತ್ತು ತಿರುಗಬೇಕಿಲ್ಲ.