ಪೊಟ್ಟಣದ ಪೊಲೆಂಟಾ: ಮುರಿಯದಂತೆ ಹುರಿಯುವುದು ಹೇಗೆ?

ಉತ್ತರ ಇಟಲಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ಹಳದಿ ಇಟ್ಟಿಗೆಯಂಥ ಒಂದು ಪೊಟ್ಟಣ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ನೀರು, ಉಪ್ಪು ಹಾಕಿ ಬೇಯಿಸಿ, ಅಚ್ಚಿನಲ್ಲಿ ಆರಿಸಿ, ಗಾಳಿಯಾಡದಂತೆ ಮುಚ್ಚಿಟ್ಟ ಸಿದ್ಧ ಪೊಲೆಂಟಾ ಅದು. ಮಿಲಾನ್‌ಗೆ ಓದಲು ಬರುವ ನಮ್ಮ ಕಡೆಯ ಮಕ್ಕಳು ಅಗ್ಗವೆಂದೂ ಸಸ್ಯಾಹಾರವೆಂದೂ ಅದನ್ನು ಕೊಳ್ಳುತ್ತಾರೆ. ಮನೆಗೆ ಬಂದವರೇ ಕತ್ತರಿಸಿ ಕಾವಲಿಗೆ ಹಾಕುತ್ತಾರೆ. ಐದು ನಿಮಿಷ ಕಳೆಯುವುದರೊಳಗೆ ಅರ್ಧ ಭಾಗ ತಳಕ್ಕೆ ಅಂಟಿ, ಉಳಿದರ್ಧ ಸಟ್ಟುಗದಲ್ಲಿ ನುಚ್ಚಾಗಿರುತ್ತದೆ. ಮಿಲಾನ್ ಬಳಿಯ ಬೆರ್ಗಾಮೊ ಊರಿನಲ್ಲಿದ್ದ ಆರು ವರ್ಷಗಳಲ್ಲಿ ನನ್ನ ಅಡುಗೆಮನೆಯಲ್ಲೇ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಳ್ಳೆಯ ಆಹಾರವೊಂದು ಹೀಗೆ ಕಸದ ಬುಟ್ಟಿ ಸೇರುವುದನ್ನು ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮನಸ್ಸಿನಲ್ಲಿರಲಿ. ಪೊಟ್ಟಣದೊಳಗಿನ ಪೊಲೆಂಟಾ ಬೆಂದೇ ಇದೆ. ನಾವು ಅದನ್ನು ಬೇಯಿಸುವುದಿಲ್ಲ, ಅದರ ಮೈಮೇಲಿನ ಪಸೆಯನ್ನು ಆರಿಸುತ್ತೇವೆ. ಪಸೆ ಆರಿದ ಮೇಲಷ್ಟೇ ಅದು ಕೆಂಪಗಾಗುತ್ತದೆ, ಕೆಂಪಗಾದ ಮೇಲಷ್ಟೇ ಕಾವಲಿಯನ್ನು ಬಿಡುತ್ತದೆ.

ಕೊಳ್ಳುವಾಗ

ಪದಾರ್ಥಗಳ ಪಟ್ಟಿಯಲ್ಲಿ ನೀರು, ಮೆಕ್ಕೆಜೋಳದ ಹಿಟ್ಟು, ಉಪ್ಪು ಇಷ್ಟೇ ಇದ್ದರೆ ಒಳ್ಳೆಯದು. ಟ್ರಫಲ್ ಅಣಬೆಯ ಪರಿಮಳ ಸೇರಿಸಿದ್ದನ್ನು ಕೊಳ್ಳಲೇಬೇಡಿ. ಸಾಮಾನ್ಯವಾಗಿ ಅದು ಕೃತಕ ಪರಿಮಳ, ಹುರಿದಾಗ ಮೂಗಿಗೆ ಅಡರುತ್ತದೆ. ಪಕ್ಕದಲ್ಲೇ ‘ಐದು ನಿಮಿಷದ ಪೊಲೆಂಟಾ’ ಎಂಬ ಹಿಟ್ಟಿನ ಪೊಟ್ಟಣವೂ ಇರುತ್ತದೆ. ಅದು ಬೇರೆ ಪದಾರ್ಥ, ನೀರಿನಲ್ಲಿ ಕಲಸಿ ಕುದಿಸಬೇಕು. ನಾನು ಹೇಳುತ್ತಿರುವುದು ಗಟ್ಟಿ ಇಟ್ಟಿಗೆಯ ವಿಷಯ.

ಕತ್ತರಿಸುವುದು

ಚಾಕು ಬೇಡ, ಪೊಲೆಂಟಾ ಅದಕ್ಕೆ ಮೆತ್ತಿಕೊಂಡು ಅಂಚು ಹರಿಯುತ್ತದೆ. ನಮ್ಮ ಕೆಳಮನೆಯಲ್ಲಿದ್ದ ಅಜ್ಜಿ ಹತ್ತಿಯ ದಾರ ಬಳಸುತ್ತಿದ್ದರು. ದಾರವನ್ನು ಇಟ್ಟಿಗೆಯ ಅಡಿಗೆ ತೂರಿಸಿ, ಎರಡೂ ತುದಿಗಳನ್ನು ಮೇಲೆ ತಂದು, ಒಂದರ ಮೇಲೊಂದು ದಾಟಿಸಿ, ಎರಡೂ ಕಡೆಗೆ ಒಮ್ಮೆಲೇ ಎಳೆಯುತ್ತಿದ್ದರು. ಕನ್ನಡಿಯಂಥ ನುಣುಪಾದ ಬಿಲ್ಲೆ ಹೊರಬರುತ್ತಿತ್ತು. ತಾಮ್ರದ ಹಂಡೆಯಲ್ಲಿ ಮುಕ್ಕಾಲು ಗಂಟೆ ತಿರುವಿದ ಪೊಲೆಂಟಾವನ್ನು ಮರದ ಹಲಗೆಯ ಮೇಲೆ ಸುರಿದು ದಾರದಲ್ಲೇ ಕತ್ತರಿಸುವುದು ಅಲ್ಲಿನ ಹಳೆಯ ರೂಢಿ.

ದಪ್ಪ ಒಂದೂವರೆ ಸೆಂಟಿಮೀಟರ್ ಇರಲಿ. ತೆಳುವಾದರೆ ಮಗುಚುವಾಗ ಮುರಿಯುತ್ತದೆ, ದಪ್ಪವಾದರೆ ನಡುಭಾಗ ತಣ್ಣಗೇ ಉಳಿಯುತ್ತದೆ.

ಎಲ್ಲರೂ ಎಡವುವ ಜಾಗ

ಬಿಲ್ಲೆಗಳನ್ನು ಒಣ ಬಟ್ಟೆಯ ಮೇಲೆ ಹರಡಿ, ಮೇಲಿನಿಂದಲೂ ಒತ್ತಿ ಒರೆಸಿ. ಬಟ್ಟೆ ಒದ್ದೆಯಾದರೆ ಬದಲಿಸಿ ಮತ್ತೊಮ್ಮೆ ಒರೆಸಿ. ಹತ್ತು ನಿಮಿಷ ಹಾಗೆಯೇ ಗಾಳಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಅಷ್ಟು ಪುರುಸೊತ್ತಿಲ್ಲದಿದ್ದರೆ ಒಂದು ಅಡ್ಡದಾರಿ ಇದೆ, ನಾನೂ ಬಳಸುತ್ತೇನೆ: ತಟ್ಟೆಯ ಮೇಲೆ ಕಾಗದ ಹಾಸಿ ಬಿಲ್ಲೆಗಳನ್ನಿಟ್ಟು, ಮುಚ್ಚದೆ, ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ಕಾಯಿಸಿ, ಹೊರತೆಗೆದು ಒರೆಸುವುದು. ಒಳಗಿನ ಹಬೆ ಒಂದಿಷ್ಟು ಹೊರಬೀಳುತ್ತದೆ, ನಡುಭಾಗವೂ ಬೆಚ್ಚಗಾಗುತ್ತದೆ. ಮೈಕ್ರೋವೇವ್‌ನಲ್ಲೇ ಪೂರ್ತಿ ಮುಗಿಸಲು ಹೋದರೆ ಮಾತ್ರ ಸಿಗುವುದು ಬಿಸಿ ರಬ್ಬರ್.

ಈಗ ಕಾವಲಿ. ದೋಸೆಗೆ ಪಳಗಿದ ಎರಕದ ಕಬ್ಬಿಣದ ಕಾವಲಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಆಮೇಲೆ ಎರಡು ಚಮಚ ತುಪ್ಪ ಹಾಕಿ. ಮಿಲಾನ್, ಬೆರ್ಗಾಮೊ ಇರುವ ಲೊಂಬಾರ್ದಿಯಾ ಪ್ರಾಂತ್ಯದವರು ಬೆಣ್ಣೆಯಲ್ಲಿ ಹುರಿಯುತ್ತಾರೆ. ಆದರೆ ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಸೀಯುತ್ತದೆ, ಇಷ್ಟು ಹೊತ್ತಿನ ಹುರಿತವನ್ನು ತಾಳುವುದಿಲ್ಲ. ತುಪ್ಪದ ರುಚಿ ಬೆಣ್ಣೆಯದೇ, ತಾಳಿಕೆ ಹೆಚ್ಚು. ಹಾಗಾಗಿ ನನ್ನ ಮತ ತುಪ್ಪಕ್ಕೆ. ಬಿಲ್ಲೆಗಳ ನಡುವೆ ಎರಡು ಬೆರಳು ಜಾಗ ಬಿಡಿ. ಒತ್ತೊತ್ತಾಗಿ ತುಂಬಿದರೆ ಒಂದರ ಹಬೆಯಲ್ಲಿ ಇನ್ನೊಂದು ನೆನೆಯುತ್ತದೆ. ಉಳಿದ ಪಸೆಗೆ ತುಪ್ಪ ಸಿಡಿಯುತ್ತದೆ, ಕೈ ದೂರವಿರಲಿ. ಮುಚ್ಚಳ ಮಾತ್ರ ಮುಚ್ಚಬೇಡಿ.

ಹಾಕಿದ ಮೇಲೆ ಮುಟ್ಟಬಾರದು. ಏಳೆಂಟು ನಿಮಿಷ. ಎಲ್ಲರೂ ಸೋಲುವುದು ಇಲ್ಲೇ. ಎರಡು ನಿಮಿಷಕ್ಕೆ ಸಟ್ಟುಗ ತೂರಿಸುತ್ತಾರೆ, ಬರುವುದಿಲ್ಲ. ಇನ್ನಷ್ಟು ಬಲವಾಗಿ ಮೀಟುತ್ತಾರೆ, ಮುರಿಯುತ್ತದೆ. ಮೊದಲ ಸಲ ನಾನು ಸಟ್ಟುಗ ಎತ್ತಿದಾಗ ಕೆಳಮನೆಯ ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡು “ಆಸ್ಪೆತ್ತಾ” ಎಂದಿದ್ದರು. ತಾಳು ಎಂದರ್ಥ. ಕೈ ಬಿಡದೆಯೇ ಕಾವಲಿಯ ಸದ್ದು ಕೇಳಿಸಿದರು. ಮೊದಲು ಜೋರಾಗಿ ಚಟಪಟ ಎನ್ನುತ್ತಿದ್ದುದು ನಿಧಾನವಾಗಿ ಸಣ್ಣ ಸುಂಯ್‌ಗುಟ್ಟುವಿಕೆಗೆ ಇಳಿಯಿತು. ಪಸೆ ಮುಗಿಯುತ್ತಿರುವುದರ ಗುರುತು ಅದು. ಅಂಚಿನಲ್ಲಿ ಹೊಂಬಣ್ಣದ ಗೆರೆ ಮೂಡಿತು. ಆಗ ಅವರು ಕಾವಲಿಯ ಹಿಡಿ ಹಿಡಿದು ಮೆಲ್ಲನೆ ಅಲುಗಿಸಿದರು. ಬಿಲ್ಲೆ ತಾನಾಗಿಯೇ ಜಾರಿತು. ಹದಕ್ಕೆ ಬಂದ ದೋಸೆ ಅಂಚು ಬಿಡುವ ಹಾಗೆಯೇ. ಜಾರದಿದ್ದರೆ ಇನ್ನೊಂದು ನಿಮಿಷ ಕಾಯಿರಿ, ಉರಿ ಹೆಚ್ಚಿಸಬೇಡಿ.

ಮಗುಚಿದ ಮೇಲೆ ನಾಲ್ಕೈದು ನಿಮಿಷ ಸಾಕು. ಕೊನೆಯ ನಿಮಿಷದಲ್ಲಿ ಒಂದು ಚೂರು ಬೆಣ್ಣೆ, ನಾಲ್ಕು ಸೇಜ್ ಎಲೆ ಹಾಕಿದರೆ ಬೆರ್ಗಾಮೊದ ಪರಿಮಳ ಬರುತ್ತದೆ. ಪೊಟ್ಟಣದಲ್ಲೇ ಉಪ್ಪಿರುತ್ತದೆ, ರುಚಿ ನೋಡದೆ ಮತ್ತೆ ಹಾಕಬೇಡಿ.

ಮತ್ತೆ ಮೆದುವಾಗಿಸಬೇಕಿದ್ದರೆ

ಇಡೀ ಇಟ್ಟಿಗೆಯನ್ನು ಹಾಲಿಗೆ ಹಾಕಿ ಕುದಿಸಿ, ಗಂಟುಗಂಟಾಯಿತೆಂದು ದೂರುವವರಿದ್ದಾರೆ. ಬೆಂದ ಪಿಷ್ಟ ಆರಿದಾಗ ಬಿಗಿದುಕೊಳ್ಳುತ್ತದೆ, ತಣ್ಣಗಾದ ಮುದ್ದೆ ಗಟ್ಟಿಯಾಗುವುದೂ ಇದರಿಂದಲೇ. ಆ ಬಿಗಿ ಬರೀ ಬಿಸಿಯಿಂದ ಪೂರ್ತಿ ಸಡಿಲವಾಗುವುದಿಲ್ಲ. ಆದ್ದರಿಂದ ಮೊದಲು ಕಾಯಿ ತುರಿಯುವಂತೆ ತುರಿದುಕೊಳ್ಳಿ. ಅರ್ಧ ಕಿಲೋಗೆ ಸುಮಾರು 200 ಮಿಲಿಲೀಟರ್ ಬಿಸಿ ಹಾಲನ್ನೋ ತರಕಾರಿ ಬೇಯಿಸಿದ ನೀರನ್ನೋ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಇಳಿಸುವಾಗ ಬೆಣ್ಣೆ.

ಓವನ್‌ನಲ್ಲಿ ಬೇಯಿಸುವುದು ಸುಲಭ: ಬಿಲ್ಲೆ, ಟೊಮೆಟೊ ಗೊಜ್ಜು, ಚೀಸ್ ಪದರಪದರವಾಗಿ ಜೋಡಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೇಲ್ಪದರ ಕೆಂಪಾಗುವವರೆಗೆ ಇಟ್ಟರಾಯಿತು.

ಯಾವುದರ ಜೊತೆ ಬಡಿಸಬೇಕು?

ಪೊಲೆಂಟಾವನ್ನು ಒಂಟಿಯಾಗಿ ಬಡಿಸಬೇಡಿ. ಇದು ನಾಲಿಗೆಯ ಮಾತಷ್ಟೇ ಅಲ್ಲ. ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳ ಉತ್ತರ ಇಟಲಿಯ ಬಡವರಿಗೆ ಮೂರು ಹೊತ್ತಿನ ಊಟವಾದಾಗ, ಚರ್ಮ ಒಡೆದು ಬುದ್ಧಿ ಕದಡುವ ಪೆಲಾಗ್ರಾ ರೋಗ ಹಬ್ಬಿತು. ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲ್ಲಿ 1771ರಲ್ಲೇ ಆ ಹೆಸರಿನಿಂದ ಅದರ ಬಗ್ಗೆ ಬರೆದಿದ್ದರು. ನಯಾಸಿನ್ ಎಂಬ ಜೀವಸತ್ವದ ಕೊರತೆ ಅದರ ಮೂಲವೆಂಬುದು ಸ್ಪಷ್ಟವಾಗಲು 1937 ಬರಬೇಕಾಯಿತು. ಮೆಕ್ಕೆಜೋಳದಲ್ಲಿರುವ ನಯಾಸಿನ್ ನಮ್ಮ ದೇಹಕ್ಕೆ ದಕ್ಕುವುದು ಕಡಿಮೆ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ನಯಾಸಿನ್ ಬಿಡಿಸಿಕೊಳ್ಳುತ್ತಿದ್ದರು. ಕಾಳು ಯುರೋಪಿಗೆ ಬಂತು, ಆ ವಿದ್ಯೆ ಬರಲಿಲ್ಲ. ಹಾಲು, ಚೀಸ್, ಕಾಳು, ಮೀನು ತಟ್ಟೆಯಲ್ಲಿದ್ದವರು ಉಳಿದುಕೊಂಡರು. ಅದನ್ನು ಓದಿದ ಮೇಲೆ ಬರೀ ಪೊಲೆಂಟಾ ಬಡಿಸಲು ನನಗೆ ಮನಸ್ಸೇ ಬರುವುದಿಲ್ಲ.

ವೆನಿಸ್ ಸುತ್ತಲಿನ ವೆನೆಟೊ ಪ್ರಾಂತ್ಯದವರು ಬಿಳಿ ಪೊಲೆಂಟಾವನ್ನು ಮೀನಿನ ಜೊತೆ ತಿನ್ನುತ್ತಾರೆ; ಅಲ್ಲಿನ ವಿಚೆಂಜಾ ಊರಿನ ಒಣಮೀನಿನ ಪಲ್ಯಕ್ಕೆ ಪೊಲೆಂಟಾ ಇರಲೇಬೇಕು. ಸಸ್ಯಾಹಾರಿಗಳಿಗೆ ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಅಣಬೆ, ಇಲ್ಲವೇ ಟೊಮೆಟೊ ಹಾಕಿ ಬೇಯಿಸಿದ ಬೋರ್ಲೊತ್ತಿ ಹುರುಳಿಕಾಯಿಯ ಕಾಳು. ನನ್ನ ಆಯ್ಕೆ ಯಾವತ್ತೂ ಕಾಳೇ. ಚೀಸ್ ಬಳಸುವವರು ಒಂದು ಸಂಗತಿ ತಿಳಿದಿರಬೇಕು. ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ, ಗೊರ್ಗೊಂಜೋಲಾ ಮೂರಕ್ಕೂ ಹಾಲು ಒಡೆಯಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಅದು ಬೇಡವೆನ್ನುವವರು ‘ಕಾಲ್ಯೊ ವೆಜೆತಾಲೆ’ (ಸಸ್ಯಮೂಲದ ಕಿಣ್ವ) ಎಂದು ಬರೆದ ಚೀಸ್ ಹುಡುಕಿ. ಇದನ್ನು ತಿಳಿಯದೆ ವರ್ಷಗಟ್ಟಲೆ ತಿಂದು, ಆಮೇಲೆ ಕಣ್ಣೀರು ಹಾಕಿದವರನ್ನು ನಾನು ಬಲ್ಲೆ.

ಪೊಟ್ಟಣ ಒಡೆದ ಮೇಲೆ ಫ್ರಿಜ್‌ನಲ್ಲಿ ಮುಚ್ಚಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಉಳಿದ ತುಂಡನ್ನು ಬೆಳಿಗ್ಗೆ ಸಣ್ಣ ಚೌಕಗಳಾಗಿ ಮಾಡಿ ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಹಾಲು ಸುರಿಯಿರಿ. ಅಜ್ಜಿ ಅದನ್ನು ಸಪ್ಪೆಯಾಗಿಯೇ ತಿನ್ನುತ್ತಿದ್ದರು, ತಮ್ಮ ಬಾಲ್ಯದ ತಿಂಡಿ ಎನ್ನುತ್ತಿದ್ದರು. ನಾನು ಒಂದು ಚಿಟಿಕೆ ಏಲಕ್ಕಿ, ಒಂದು ಚಮಚ ಬೆಲ್ಲದ ಪುಡಿ ಸೇರಿಸುತ್ತೇನೆ.