ಹೋಟೆಲಿಗೆ ಎಲ್‌ಇಡಿ: ಮೊದಲು ನ್ಯೂಟ್ರಲ್ ನೋಡಿ, ಆಮೇಲೆ ದೀಪ ತನ್ನಿ

ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಬೆಳಿಗ್ಗೆ ಆರಕ್ಕೆ ಹಾಕಿದ ದೀಪ ರಾತ್ರಿ ಹತ್ತರ ತನಕ ಆರುವುದಿಲ್ಲ. ಹಾಗಾಗಿ ಉಳಿತಾಯದ ಲೆಕ್ಕ ಮನೆಯ ಲೆಕ್ಕಕ್ಕಿಂತ ದೊಡ್ಡದು.

ಹಳೆಯ ನಾಲ್ಕಡಿ ಟ್ಯೂಬಿನ ಮೇಲೆ 36 ವಾಟ್ ಎಂದಿರುತ್ತದೆ. ಟ್ಯೂಬ್ ಕೂರುವ ಪಟ್ಟಿಯೊಳಗಿನ ಚೋಕ್ ಇನ್ನೂ 10–14 ವಾಟ್ ತಿನ್ನುತ್ತದೆ. ಅದೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 50 ವಾಟ್ ಎಂದಿಟ್ಟುಕೊಳ್ಳಿ. ಅದರ ಜಾಗಕ್ಕೆ 20 ವಾಟಿನ ಎಲ್‌ಇಡಿ ಪಟ್ಟಿ ಬಂದರೆ, 20 ಪಟ್ಟಿಗಳಿಗೆ 16 ತಾಸಿನಲ್ಲಿ 9.6 ಯೂನಿಟ್, ತಿಂಗಳಿಗೆ 288 ಯೂನಿಟ್ ಉಳಿಯಿತು. ಮಾಟುಂಗದಲ್ಲಿ ಬೆಸ್ಟ್, ಮುಲುಂಡಿನಲ್ಲಿ ಮಹಾವಿತರಣ ಕರೆಂಟ್ ಕೊಡುತ್ತದೆ, ಹೀಗೆ ಊರಿಡೀ ಒಂದೇ ದರವಿಲ್ಲ. ಲೈಟ್ ಬಿಲ್ಲಿನಲ್ಲಿ ಸ್ಥಿರ ಶುಲ್ಕ ಕಳೆದು, ಉಳಿದ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ. 12 ರೂಪಾಯಿ ಬಂತೆನ್ನಿ: ತಿಂಗಳಿಗೆ 3,456 ರೂಪಾಯಿ.

ತಂತಿಗೆ ಕಚ್ಚಿಸಿ ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಈ ಲೆಕ್ಕ ಮಾಡಬೇಡಿ. ಚೋಕಿನ ಟ್ಯೂಬ್ ಸುಮಾರು 0.43 ಆಂಪಿಯರ್ ಎಳೆಯುತ್ತದೆ. 230 ವೋಲ್ಟಿನಿಂದ ಗುಣಿಸಿದರೆ 99 ಬರುತ್ತದೆ. ಆದರೆ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಕಡಿಮೆ ಇರುವುದರಿಂದ ಅದು ವಾಟ್ ಅಲ್ಲ. ಆ ಸಂಖ್ಯೆ ತೋರಿಸಿ ಉಳಿತಾಯ ಹಿಗ್ಗಿಸಿ ಹೇಳುವವರನ್ನು ನಂಬಬೇಡಿ.

ನ್ಯೂಟ್ರಲ್ ಸಡಿಲವಿದ್ದರೆ

ಹೊಸ ಎಲ್‌ಇಡಿಗಳು ಗುಂಪಾಗಿ ಹೋದವೆಂದರೆ ದೀಪವನ್ನೇ ಬೈಯುವವರು ಹೆಚ್ಚು. ತಪ್ಪು ಬಹಳ ಸಲ ಮೇನ್ ಬೋರ್ಡಿನಲ್ಲಿರುತ್ತದೆ. ಮೂರು ಫೇಸ್ ಕನೆಕ್ಷನ್ನಿನಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಸಡಿಲವಾದರೆ, ಕಡಿಮೆ ಲೋಡಿರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಬಹುದು. ಚೋಕ್ ಒಂದಷ್ಟು ತಡೆದುಕೊಂಡೀತು, ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ತಡೆಯದು. ಗುರುತು ಸುಲಭ: ಗ್ರೈಂಡರ್ ಹಾಕಿದಾಗ ಒಂದು ಕಡೆಯ ದೀಪ ಮಂಕಾಗಿ ಇನ್ನೊಂದು ಕಡೆಯದು ಝಗ್ಗೆಂದು ಹೊಳೆಯುತ್ತದೆ. ಹೀಗಾದರೆ ಪರವಾನಗಿ ಇರುವ ವಯರ್‌ಮ್ಯಾನನನ್ನು ಕರೆಯಿಸಿ. ಸಮುದ್ರದ ಗಾಳಿಗೆ ಹಸಿರುಗಟ್ಟಿದ ತಾಮ್ರದ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ಲಗ್ (ತಂತಿಯ ತುದಿಗೆ ಹಾಕುವ ಲೋಹದ ಟೋಪಿ) ಒತ್ತಿ ಬಿಗಿಯಬೇಕು. ಇದಾಗದೆ ಒಂದು ದೀಪವನ್ನೂ ಕೊಳ್ಳಬೇಡಿ.

ಆಮೇಲೆ ಎಲೆಕ್ಟ್ರಿಕ್ ಸಾಮಾನಿನ ಪೇಟೆ ಲೋಹಾರ್ ಚಾಳ್‌ಗೆ ಹೋಗಿ. ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ವಾಟಿಗೆ ಕನಿಷ್ಠ 100 ಲ್ಯುಮೆನ್ ಬೆಳಕು, ಪವರ್ ಫ್ಯಾಕ್ಟರ್ 0.9, ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ರಕ್ಷಣೆ 4 ಕಿಲೋವೋಲ್ಟ್ ಇವೆಯೇ ನೋಡಿ. ಪಕ್ಕಾ ಬಿಲ್ ಇಲ್ಲದೆ ವಾರಂಟಿ ಸಿಗದು.

ಹಳೆಯ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸುವ ಆಸೆ ಬಿಡುವುದು ಮೇಲು. ಸಾಮಾನ್ಯವಾಗಿ ಚೋಕ್, ಸ್ಟಾರ್ಟರ್ ತೆಗೆದು ಕರೆಂಟನ್ನು ನೇರವಾಗಿ ಹೋಲ್ಡರಿಗೆ ಕೊಡಬೇಕಾಗುತ್ತದೆ. ನಾಳೆ ಯಾರೋ ಅರಿಯದೆ ಹಳೆ ಟ್ಯೂಬ್ ಸಿಕ್ಕಿಸಿದರೆ ಅಪಾಯ. ಪಟ್ಟಿ ಸಮೇತ ಬದಲಿಸಿ.

ಅಡುಗೆಮನೆ ಮೊದಲು

ತರಕಾರಿ ಹೆಚ್ಚುವ ಕಟ್ಟೆಗೆ 300ರಿಂದ 500 ಲಕ್ಸ್ (ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೇಕು. ಇಲ್ಲಿ ಧೂಳು, ನೀರು ಒಳಗೆ ಬಿಡದ ಐಪಿ65ರ ಮುಚ್ಚಿದ ಪಟ್ಟಿಯೇ ಆಗಬೇಕು, ಏಕೆಂದರೆ ತವಾದ ಎಣ್ಣೆ ಹೊಗೆ ಬಿರುಕಿನಲ್ಲೆಲ್ಲ ಇಳಿಯುತ್ತದೆ. ಒಲೆಯ ನೇರ ಮೇಲೆ ಬೇಡ, ಮೂರಡಿ ಪಕ್ಕಕ್ಕೆ ಇರಲಿ: ಡ್ರೈವರಿನೊಳಗಿನ ಕೆಪಾಸಿಟರ್ 10 ಡಿಗ್ರಿ ಬಿಸಿ ಏರಿದರೆ ಆಯುಸ್ಸಿನ ಅರ್ಧ ಕಳೆದುಕೊಳ್ಳುತ್ತದೆ. ಕವರಿಗೆ ಜಿಡ್ಡು ಹಿಡಿದರೆ ಮೇನ್ ಆಫ್ ಮಾಡಿ, ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಥಿನ್ನರ್ ಹಾಕಿದರೆ ಪಾಲಿಕಾರ್ಬೊನೇಟ್ ಬಿರಿಯುತ್ತದೆ.

ಗಿರಾಕಿಗಳು ಕೂರುವಲ್ಲಿ 6500 ಕೆಲ್ವಿನಿನ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹಳದಿ) ಬಿಳುಪು ಹಾಕಬೇಡಿ. ಅದರಡಿ ಕೆಂಪು ಚಟ್ನಿ ಕಂದಾಗಿ, ದೋಸೆಯ ಹೊಂಬಣ್ಣ ಸತ್ತು ಕಾಣುತ್ತದೆ. 3000ರಿಂದ 4000 ಕೆಲ್ವಿನ್ ಸಾಕು. ಬಡಿಸುವ ಕೌಂಟರಿಗೆ ಸಿಆರ್‌ಐ (ವಸ್ತುವಿನ ನಿಜಬಣ್ಣ ತೋರಿಸುವ ಅಳತೆ, ನೂರಕ್ಕೆ) 90, ಉಳಿದೆಡೆ 80.

ಸಂಡಾಸು, ಸ್ಟೋರ್ ರೂಮಿಗೆ ಜನ ಬಂದಾಗ ಮಾತ್ರ ದೀಪ ಹೊತ್ತಿಸುವ ಪಿಐಆರ್ ಸೆನ್ಸರ್ ಹಾಕಿ, ಆದರೆ ಎಕ್ಸಾಸ್ಟಿನ ಬಿಸಿಗಾಳಿಗೆ ಎದುರಾಗಿ ಅಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ದೀಪ ಮಿಣುಕುತ್ತಿದ್ದರೆ, ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ದೀಪ ಅಥವಾ ಫೇಸಿನ ಬದಲು ನ್ಯೂಟ್ರಲ್ ಕಡಿಯುವ ವಯರಿಂಗ್ ಸಾಮಾನ್ಯವಾಗಿ ಕಾರಣ. ಎರಡನೆಯದನ್ನು ಅಂದೇ ಸರಿಮಾಡಿಸಿ. ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ.

ಇಳಿಸಿದ ಟ್ಯೂಬುಗಳಲ್ಲಿ ಪಾದರಸವಿದೆ. ಒಡೆದು ಕಸದ ಡಬ್ಬಿಗೆ ತುರುಕದೆ, ಹೊಸ ಪಟ್ಟಿ ಬಂದ ರಟ್ಟಿನ ಪೆಟ್ಟಿಗೆಗಳಲ್ಲೇ ತುಂಬಿ ಇ-ತ್ಯಾಜ್ಯ ಒಯ್ಯುವವರಿಗೆ ಕೊಡಿ. ಕೈಜಾರಿ ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿರಿ. ಆಮೇಲೆ ಪೊರಕೆ ಹಿಡಿಯದೆ, ಗಟ್ಟಿ ರಟ್ಟಿನಿಂದ ಚೂರು ಬಾಚಿ ಒದ್ದೆ ಕಾಗದದಿಂದ ಒರೆಸಿ.